ಹನ್ನೊಂದು ತುಂಡು ತೇಗ

ಬಕೆಟ್ಟಿನಲ್ಲಿ ಎತ್ತಿ ಹಾಕಿದಷ್ಟೂ ಗುಂಡಿಯಲ್ಲಿ ನೀರು ತುಂಬುತ್ತಲೇ ಇತ್ತು. ನಾಲ್ಕು ಜನ ಸೊಂಟದವರೆಗೆ ಕೆಸರಿನಲ್ಲಿ ನಿಂತು, ಒಬ್ಬರ ಮುಖ ಒಬ್ಬರು ನೋಡದೆ ಎತ್ತುತ್ತಿದ್ದರು. ಪಕ್ಕದ ದೋಣಿಯಲ್ಲಿ ಮುರ್ನಿ, ಹಸಿರು ಬಟ್ಟೆ ಹೊದಿಸಿದ ಅಪ್ಪನ ಶವದ ಮಂಚವನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದಳು. ಹೆಂಗಸರು ಖಬರಸ್ತಾನದವರೆಗೆ ಬರುವ ರೂಢಿ ಆ ಊರಿನಲ್ಲಿಲ್ಲ. ಇರುವವಳು ಒಬ್ಬಳೇ ಮಗಳು ಎಂದು ಯಾರೂ ಬೇಡವೆನ್ನಲಿಲ್ಲ.

"ಹನ್ನೊಂದು ಗಂಟೆಗೆ ಇಳಿತ ಮುಗೀತದೆ. ಆಮೇಲೆ ಕಡಲು ನಮ್ಮನ್ನ ಕೇಳಿ ಬರೋದಿಲ್ಲ. ಬೇಗ ಎತ್ತಿ" ಎಂದ ತಾರ್ಮಿನ್. ಅವನು ಅಪ್ಪನ ಜೊತೆಗಾರ, ಈ ಊರಿನ ಅರ್ಧ ಗೋರಿಗಳನ್ನು ತೋಡಿದವನು, ಕಿರಿಯರಿಗೆಲ್ಲ ಲಿಕ್, ಎಂದರೆ ಚಿಕ್ಕಪ್ಪ.

ಮುರ್ನಿ ಸಣ್ಣವಳಿದ್ದಾಗ ಈ ಖಬರಸ್ತಾನದ ಸುತ್ತ ಭತ್ತದ ಗದ್ದೆಗಳಿದ್ದವು. ಈಗ ಮನೆಯಿಂದ ಅರ್ಧ ಗಂಟೆ ದೋಣಿಯಲ್ಲಿ ಬರಬೇಕು. ಇಳಿತದ ಹೊತ್ತಿನಲ್ಲಿ ಮಾತ್ರ ಗೋರಿಗಳ ತಲೆ ಕಾಣುತ್ತವೆ. ಒಂದೊಂದರ ಮೇಲೂ ಒಂದೊಂದು ನೀರುಕಾಗೆ, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂತಿದ್ದವು. ಇಷ್ಟು ಜನ ಗದ್ದಲ ಮಾಡಿದರೂ ಒಂದೂ ಹಾರಲಿಲ್ಲ. ಕೆಸರಿನಿಂದ ಆಗಾಗ ಗುಳ್ಳೆಗಳು ಏಳುತ್ತಿದ್ದವು. ಗುಂಡಿಯಲ್ಲಿದ್ದವನೊಬ್ಬ ಕೈ ನಿಲ್ಲಿಸಿ ಅದನ್ನೇ ನೋಡುತ್ತಿದ್ದ.

"ಏನೋ ಅದು?" ಎಂದ ತಾರ್ಮಿನ್.

"ಉಸಿರಾಡ್ತಿದ್ದಾರೆ ಅನ್ನಿಸ್ತದೆ ಲಿಕ್."

"ನಿನ್ನ ಉಸಿರು ನೋಡ್ಕೋ. ನೀರೆತ್ತು."

ದೋಣಿಯ ಇನ್ನೊಂದು ತುದಿಯಲ್ಲಿ ಕಿತ್ತಳೆ ಬಣ್ಣದ ತೇಲುವ ಅಂಗಿ ತೊಟ್ಟು ಕೂತವನು ನಗರದ ಮೇಯರ್ ಸುದರ್ಯೊ. ಊರವರು ಅವನನ್ನು ಪಾಕ್ ವಾಲಿ ಎನ್ನುತ್ತಾರೆ. ಫೋಟೋದವರನ್ನು ಕರೆತರದೆ ಒಬ್ಬನೇ ಬಂದಿದ್ದ. ಬೆಳಗ್ಗಿನಿಂದ ಏನನ್ನೋ ಹೇಳಲು ಬಾಯಿ ತೆರೆದು, ಹಾಗೇ ನುಂಗಿಕೊಳ್ಳುತ್ತಿದ್ದ. ಮುರ್ನಿಗೆ ಅದು ಏನೆಂದು ಗೊತ್ತಿತ್ತು. ಗೊತ್ತಿದ್ದೇ ಅವಳು ಅವನ ಕಡೆ ತಿರುಗುತ್ತಿರಲಿಲ್ಲ.

*

ಮುರ್ನಿಯ ಅಪ್ಪ ಕಸ್ಮುರಿ ಮೂವತ್ತೊಂದು ವರ್ಷ ನಗರಸಭೆಯಲ್ಲಿ ನೀರಳೆಯುವ ಕೆಲಸ ಮಾಡಿದವರು. ನದಿ ಕಡಲು ಸೇರುವಲ್ಲಿ ಒಂದು ಕಂಬ. ಅದಕ್ಕೆ ಬಿಳಿ ಬಣ್ಣ, ಮೇಲೆ ಕಪ್ಪು ಅಂಕಿಗಳು. ದಿನಾ ಎರಡು ಹೊತ್ತು ಹೋಗಿ ನೀರು ಯಾವ ಅಂಕಿಯ ಹತ್ತಿರ ನಿಂತಿದೆ ಎಂದು ಪುಸ್ತಕದಲ್ಲಿ ಬರೆಯಬೇಕು. ಜ್ವರ ಬಂದರೂ ಹೋದರು. ಮಗಳ ಮದುವೆಯ ದಿನ ಮದುವೆಯ ಬಟ್ಟೆಯಲ್ಲೇ ಹೋಗಿ ಬಂದರು. ಹೆಂಡತಿ ತೀರಿಕೊಂಡ ದಿನವೂ ಮಣ್ಣು ಮಾಡಿ, ಕೈತೊಳೆದು, ಕಂಬದ ಹತ್ತಿರ ಹೋದರು.

ಕಚೇರಿಯ ಆದೇಶ ಒಂದೇ ಸಾಲಿನದು: ಕಂಬದ ಅಂಕಿಗಳು ಸದಾ ಕಾಣುವಂತಿರಬೇಕು. ನೀರು ಏರಿ ಅಂಕಿಗಳು ಮುಳುಗತೊಡಗಿದಾಗ ಕಸ್ಮುರಿ ಕಂಬವನ್ನು ಒಂದು ಗೇಣು ಮೇಲಕ್ಕೆತ್ತಿ ನೆಟ್ಟರು. ಆದೇಶ ಪಾಲಿಸಿದ ಸಮಾಧಾನದಿಂದ ಮನೆಗೆ ಬಂದು ಊಟ ಮಾಡಿದರು. ಎರಡು ವರ್ಷಕ್ಕೆ ಮತ್ತೆ ಮುಳುಗಿತು, ಮತ್ತೆ ಎತ್ತಿದರು. ಎತ್ತಿದ್ದನ್ನು ಪುಸ್ತಕದಲ್ಲಿ ಬರೆಯಬೇಕೆಂದು ಯಾರೂ ಹೇಳಲಿಲ್ಲ, ಅವರು ಬರೆಯಲೂ ಇಲ್ಲ. ಊರಿನಲ್ಲಿ ಎಲ್ಲರೂ ಮಾಡುವುದೇ ಹಾಗೆ. ನೀರು ಒಳಗೆ ಬಂದರೆ ನೆಲ ಎತ್ತರಿಸುತ್ತಾರೆ, ನೆಲ ಎತ್ತರವಾದ ಮೇಲೆ ಬಾಗಿಲಲ್ಲಿ ತಲೆ ಬಗ್ಗಿಸಿ ನಡೆಯುವುದನ್ನು ಕಲಿಯುತ್ತಾರೆ.

ಹೋದ ವರ್ಷ ಕರಾವಳಿಯ ಏಳು ನಗರಗಳ ಮೇಯರುಗಳು ಸೇರಿ ಜಕಾರ್ತಾದ ಸರ್ಕಾರಕ್ಕೆ ಪತ್ರ ಬರೆದರು. ಕಲ್ಲಿದ್ದಲು ಸುಡುವುದನ್ನು ದೇಶವೇ ಕಡಿಮೆ ಮಾಡಬೇಕು, ಕಡಲಿಗೆ ಗೋಡೆ ದೇಶವೇ ಕಟ್ಟಬೇಕು, ಮುಳುಗಿದ ಊರುಗಳಿಗೆ ದೇಶವೇ ಬೇರೆ ನೆಲ ಕೊಡಬೇಕು, ನಗರಸಭೆಗಳ ಕೈಲಿ ಇದು ಆಗುವುದಿಲ್ಲ ಎಂದು. ಸಾಕ್ಷಿಗೆ ಕಸ್ಮುರಿಯವರ ಪುಸ್ತಕಗಳನ್ನು ಕಟ್ಟಿ ಕಳಿಸಿದರು. ಮೂರು ತಿಂಗಳಿಗೆ ಉತ್ತರ ಬಂತು. ನಿಮ್ಮದೇ ಪುಸ್ತಕಗಳ ಪ್ರಕಾರ ಮೂವತ್ತೊಂದು ವರ್ಷದಲ್ಲಿ ನೀರು ಏರಿರುವುದು ಒಂದು ಗೇಣು, ಇಷ್ಟಕ್ಕೆ ದೇಶದ ನೀತಿ ಬದಲಾಯಿಸಲಾಗದು ಎಂದಿತ್ತು.

*

ಶವವನ್ನು ಇಳಿಸುವ ಮೊದಲು ಮಸೀದಿಯ ಮೊದಿನ್ ಸಾಹೇಬರು ಕೆಸರಿನಲ್ಲೇ ನೆಟ್ಟಗೆ ನಿಂತು ಪದ್ಧತಿಯಂತೆ ಕೇಳಿದರು.

"ಕಸ್ಮುರಿ ಒಳ್ಳೆಯ ಮನುಷ್ಯರಾಗಿದ್ದರೇ?"

"ಒಳ್ಳೆಯವರು" ಎಂದರು ಎಲ್ಲರೂ. ಮೂರು ಸಲ ಕೇಳಿದರು, ಮೂರು ಸಲ ಹೇಳಿದರು. ಮೂರನೆಯ ಸಲ ಮೇಯರನ ದನಿ ಒಂಟಿಯಾಗಿ, ಸ್ವಲ್ಪ ತಡವಾಗಿ ಬಂತು.

ಶವವನ್ನು ಹೆಂಡತಿಯ ಗೋರಿಯ ಪಕ್ಕದಲ್ಲಿ ಬಲಮಗ್ಗುಲಿಗೆ ಮಲಗಿಸಿ ಹಲಗೆ ಮುಚ್ಚಿದರು. ಮಣ್ಣಿನ ಚೀಲ ಹೇರುವಷ್ಟರಲ್ಲಿ ನೀರು ತುಂಬಿ ಹಲಗೆಗಳು ಮೆಲ್ಲನೆ ಮೇಲೇಳತೊಡಗಿದವು. ತಾರ್ಮಿನ್ ಅವುಗಳ ಮೇಲೆ ಹತ್ತಿ ನಿಂತ. ಕೆಳಗಿನಿಂದ ಎರಡು ಸಲ ಟಕ್ ಟಕ್ ಎಂದು ತಟ್ಟಿದ ಸದ್ದಾಯಿತು. ಬಕೆಟ್ಟುಗಳೆಲ್ಲ ನಿಂತವು.

"ಮಲಗು ಕಾಂಗ್, ಮಲಗಣ್ಣ. ಇವತ್ತು ನೀರು ನೋಡೋಕೆ ನೀನು ಹೋಗೋದು ಬೇಡ, ನಾನು ನೋಡ್ತೇನೆ" ಎಂದು ತಾರ್ಮಿನ್ ಮಕ್ಕಳಿಗೆ ಹೇಳುವ ಹಾಗೆ ಹೇಳಿದ. ಆಮೇಲೆ ಸದ್ದಾಗಲಿಲ್ಲ. ಹನ್ನೆರಡು ಚೀಲ ಹೇರಿದ ಮೇಲೆಯೇ ಅವನು ಇಳಿದದ್ದು.

ಮುರ್ನಿ ಹೂವಿನ ಎಸಳು ಚೆಲ್ಲಿದಳು. ಅವು ಅಲ್ಲಿ ನಿಲ್ಲಲಿಲ್ಲ, ತೇಲಿಕೊಂಡು ಅಮ್ಮನ ಗೋರಿಗೆ ಗುರುತಾಗಿ ನೆಟ್ಟ ಮರದ ಗೂಟವನ್ನು ಸುತ್ತುಗಟ್ಟಿದವು.

ಇಡೀ ಖಬರಸ್ತಾನದಲ್ಲಿ ಭರತದಲ್ಲೂ ಮುಳುಗದ ಗುರುತು ಅದೊಂದೇ. ಇಪ್ಪತ್ತೆರಡು ವರ್ಷದ ಹಿಂದೆ ಅಮ್ಮನ ತಲೆಯ ಕಡೆ ನೆಟ್ಟಾಗ ಅದು ಮೊಣಕಾಲಿನಷ್ಟಿತ್ತು. ನೀರು ಅದರ ತಲೆ ಮುಟ್ಟಿದಾಗಲೆಲ್ಲ ಅಪ್ಪ ಒಂದು ತುಂಡು ತೇಗ ತಂದು ಮೇಲೆ ಕೂಡಿಸಿ, ಬೋಲ್ಟು ಹಾಕಿ, ತಾರೀಖು ಕೆತ್ತುತ್ತಿದ್ದರು. ಹನ್ನೊಂದು ತುಂಡು. ಅದನ್ನು ಹಿಡಿದೇ ಅವಳು ರಂಜಾನಿಗೆ ಮೊದಲು ದೋಣಿಯಲ್ಲಿ ಬಂದು ಅಮ್ಮನ ತಲೆ ಯಾವುದು ಕಾಲು ಯಾವುದು ಎಂದು ತಿಳಿಯುತ್ತಿದ್ದಳು.

"ಮುರ್ನಿ" ಎಂದ ಮೇಯರ್.

"ಬೇಡ ಪಾಕ್ ವಾಲಿ. ಮಣ್ಣು ಇನ್ನೂ ಹಸಿ ಇದೆ."

"ಇಲ್ಲಿ ಮಣ್ಣು ಒಣಗೋದು ಯಾವಾಗಮ್ಮ? ನಾಡಿದ್ದು ಜಕಾರ್ತಾದಲ್ಲಿ ಸಭೆ. ಏಳು ಮೇಯರುಗಳೂ ಹೋಗ್ತಿದ್ದೇವೆ. ಮತ್ತೊಮ್ಮೆ ಕರೆಯೋದಿಲ್ಲ ಅವರು."

"ಫೋಟೋ ತಗೊಂಡು ಹೋಗಿ."

"ಮೇಲಿನ ಮೂರು ತುಂಡು ಕಾಣ್ತದೆ ಫೋಟೋದಲ್ಲಿ. ಉಳಿದದ್ದು ಕೆಸರೊಳಗೆ. ಅವರು ನಂಬಬೇಕಾದದ್ದು ಆ ಕೆಳಗಿನದ್ದನ್ನೇ."

"ಆ ಮರ ಕಿತ್ತ ಮೇಲೆ ನನ್ನ ಅಪ್ಪ ಅಮ್ಮ ಎಲ್ಲಿದ್ದಾರೆ ಅಂತ ನಾನು ಯಾರನ್ನ ಕೇಳಲಿ? ನಿಮ್ಮ ಕಚೇರಿಗೆ ಬಂದು ಅರ್ಜಿ ಕೊಡಲಾ?"

ಗುಂಡಿ ತೋಡಿದವನೊಬ್ಬ, ಬಿದಿರು ನೆಟ್ಟರಾಯಿತಲ್ಲ ಎಂದ.

"ಪಶ್ಚಿಮದ ಗಾಳಿ ಒಂದು ಸಲ ಬೀಸಲಿ, ನಿನ್ನ ಬಿದಿರು ಬೇರೆ ದ್ವೀಪದಲ್ಲಿರ್ತದೆ" ಎಂದ ತಾರ್ಮಿನ್. "ಸುಳ್ಳು ಸಮಾಧಾನ ಹೇಳ್ಬೇಡ ಅವಳಿಗೆ. ಕಿತ್ತರೆ ಹೋಯಿತು, ಅಷ್ಟೆ."

*

ಜಕಾರ್ತಾದ ಉತ್ತರ ಬಂದ ಸಂಜೆ ಅಪ್ಪ ಊಟಕ್ಕೆ ಏಳಲಿಲ್ಲ. ಮಾಡಿದ ಮೀನಿನ ಸಾರು ಆರಿತು. ಮಾರನೆಯ ದಿನ ಅವರೇ ನಡೆದು ಮೇಯರನ ಕಚೇರಿಗೆ ಹೋಗಿ, ಕಂಬ ಎತ್ತಿದ್ದನ್ನೆಲ್ಲ ಹೇಳಿ ಬಂದರು. ಎಷ್ಟು ಸಲ ಎತ್ತಿದಿರಿ ಎಂದರೆ ನೆನಪಿಲ್ಲ. ನೆನಪಿರುವುದು ಗುರುತಿನ ಮರಕ್ಕೆ ಮಾತ್ರ, ಅದಕ್ಕೆ ತಾರೀಖುಗಳಿವೆ ಎಂದೂ ಅವರೇ ಹೇಳಿದ್ದರು. ಹಾಗಾದರೆ ಅದನ್ನು ಕೊಡಿ ಎಂದು ಮೇಯರ್ ಕೇಳಿದಾಗ, ನಾನಿರುವವರೆಗೆ ಕೇಳಬೇಡಿ ಎಂದು ಎದ್ದು ಬಂದಿದ್ದರು.

"ಕಂಬ ಎತ್ತಿದ್ರಿ, ಅಮ್ಮನ ಗುರುತನ್ನ ಯಾಕೆ ಎತ್ತಲಿಲ್ಲ ಅಪ್ಪ?" ಎಂದು ಮುರ್ನಿ ಕೇಳಿದ್ದಳು.

"ಕಂಬದ ಕೆಳಗೆ ಯಾರಿದ್ದರು?" ಎಂದರು ಅಪ್ಪ. "ನಿನ್ನ ಅಮ್ಮನನ್ನ ಎತ್ತಿ ನೆಡೋಕಾಗ್ತದಾ?"

ಆಮೇಲಿನ ದಿನಗಳಲ್ಲಿ ಅವರು ಹಾಸಿಗೆ ಹಿಡಿದರು. ಕಡೆಯ ವಾರ ಅಂಗೈಯನ್ನು ಗೋಡೆಯ ಮೇಲಿಟ್ಟು, ಒಂದರ ಮೇಲೊಂದು ಗೇಣು ಹಾಕುತ್ತ ಹೋಗುತ್ತಿದ್ದರು. ಕೈ ಎಟುಕದಾದಾಗ ಮಗಳ ಮುಖ ನೋಡುತ್ತಿದ್ದರು. "ನೀರನ್ನ ನಾನೇ ಕುಗ್ಗಿಸಿಬಿಟ್ಟೆ ಮುರ್ನಿ" ಎನ್ನುತ್ತಿದ್ದರು.

*

ನೀರು ಆಗಲೇ ತಿರುಗಿತ್ತು. ಹೊಸ ಗೋರಿಯ ಚೀಲಗಳು ಒಂದೊಂದಾಗಿ ಕಾಣದಾಗುತ್ತಿದ್ದವು. ನೀರುಕಾಗೆಗಳು ಕೂತಲ್ಲೇ ಇದ್ದವು, ಅವುಗಳ ಕಾಲು ನೀರಿನಲ್ಲಿತ್ತು.

ಮುರ್ನಿಗೆ ಮೇಯರನ ಮೇಲೆ ಸಿಟ್ಟಿತ್ತು. ಅಪ್ಪನ ಮೇಲೆ ಅದಕ್ಕಿಂತ ಹೆಚ್ಚು. ಕೊಡಬಾರದೆಂದು ಹಟ ಹಿಡಿದು ಹೋದವರು, ಕೊಡದೆ ತಮಗೆ ನಿದ್ದೆ ಬಾರದೆಂಬ ಸಂಕಟವನ್ನೂ ಅವಳಿಗೇ ಬಿಟ್ಟು ಹೋಗಿದ್ದರು. ಸೀರೆಯಂಥ ಉದ್ದದ ಬಾಟಿಕ್ ಬಟ್ಟೆಯನ್ನು ಎತ್ತಿ ಕಟ್ಟಿಕೊಂಡು ಅವಳು ದೋಣಿಯಿಂದ ಇಳಿದಳು.

"ಲಿಕ್, ಬನ್ನಿ. ಬೇರೆ ಯಾರೂ ಮುಟ್ಟಬೇಡಿ."

ಇಬ್ಬರೂ ಮರವನ್ನು ತಬ್ಬಿ ಅಲುಗಾಡಿಸಿದರು. ಕೆಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ ಅದು ಬಿಗಿಯಾಗಿತ್ತು. "ಬಿಡು ಅಮ್ಮ" ಎಂದಳು ಮುರ್ನಿ. ಅವಳು ಅಳುತ್ತಿದ್ದಳು. ಮರ ಸಡಿಲವಾಯಿತು. ಬಂತು, ಬರುತ್ತಲೇ ಇತ್ತು. ನಾಲ್ಕು ತುಂಡು, ಏಳು, ಹತ್ತು. ತಾರ್ಮಿನನ ತಲೆಯನ್ನು ದಾಟಿ ಮೇಲೆ ಹೋಯಿತು. ಕಡೆಗೆ ಅಮ್ಮನ ಹೆಸರಿದ್ದ ಮೊದಲ ಮರ, ಕಪ್ಪಗೆ, ತಣ್ಣಗೆ. ಅದು ಬಿಟ್ಟ ತೂತು ದೊಡ್ಡದೊಂದು ಉಸಿರು ಬಿಟ್ಟು, ಎರಡೇ ಗಳಿಗೆಯಲ್ಲಿ ಕೂಡಿಕೊಂಡಿತು. ಮುರ್ನಿ ಕಾಲಿನಿಂದ ತಡಕಿದಳು. ಎಲ್ಲ ಕಡೆ ಒಂದೇ ಕೆಸರು.

ಅಷ್ಟುದ್ದದ ಮರ ಇಡಲು ದೋಣಿಯಲ್ಲಿ ಬೇರೆ ಜಾಗವಿರಲಿಲ್ಲ. ಖಾಲಿಯಾದ ಶವದ ಮಂಚದ ಮೇಲೆಯೇ ಮಲಗಿಸಿ, ಬಿಸಿಲಿಗೆ ಸೀಳದಿರಲೆಂದು ಅದೇ ಹಸಿರು ಬಟ್ಟೆ ಹೊದಿಸಿದರು. ಒಂದು ತುದಿ ಮಂಚ ಮೀರಿ ಚಾಚಿಕೊಂಡಿತ್ತು. ಅದು ಜಾರದಂತೆ ಮೇಯರ್ ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಹಿಡಿದ.

ಊರಿನ ಮೊದಲ ಮನೆಯ ಹತ್ತಿರ ಸಿಗಡಿ ಹಿಡಿಯುತ್ತಿದ್ದ ಮುದುಕಿಯೊಬ್ಬಳು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಬೆಳಗ್ಗೆ ಇದೇ ದೋಣಿ ಶವ ಹೊತ್ತು ಕಡಲ ಕಡೆ ಹೋದದ್ದನ್ನು ಕಂಡವಳು. ಈಗ ಬರುತ್ತಿದ್ದ ಹಸಿರು ಬಟ್ಟೆಯನ್ನೂ, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಮೇಯರನನ್ನೂ ನೋಡಿದಳು.

"ಕರ್ಕೊಂಡು ಬಂದ್ರಾ?" ಎಂದು ಕೇಳಿದಳು.

ಮುದುಕಿ ಬುಟ್ಟಿಯನ್ನು ಬೆನ್ನಿಗೆ ಸರಿಸಿ, ತಲೆಗೆ ಬಟ್ಟೆ ಎಳೆದುಕೊಂಡು, ದೋಣಿ ಹೋಗಲೆಂದು ಬಾಗಿಲು ಅರ್ಧ ಮುಳುಗಿದ ಮನೆಯ ಗೋಡೆಗೆ ಒತ್ತಿ ನಿಂತಳು.