ಮೂರನೇ ದಿನದ ಶಾವಿಗೆ

ಮಸಾಂಚಿ ಊರಿನಲ್ಲಿ, ಚೀನಾದಿಂದ ವಲಸೆ ಬಂದ ಡುಂಗನ್ ಮುಸ್ಲಿಮರ ಮನೆಗಳಲ್ಲಿ, ಹೊಸ ಸೊಸೆ ಮದುವೆಯ ಮೂರನೇ ದಿನ ನೆಂಟರ ಮುಂದೆ ಹಿಟ್ಟೆಳೆದು ಶಾವಿಗೆ ಮಾಡಲೇಬೇಕು. ಇವತ್ತು ಮೆಸೆರ್‌ಳ ಸರದಿ. ಅಪ್ಪ ಡುಂಗನ್ ಆದರೇನು, ಅವಳನ್ನು ಹೆತ್ತವಳು ಕುದುರೆ ಸಾಕುವ ಕಿರ್ಗಿಜರ ಹೆಂಗಸು. ಅದು ಇಲ್ಲಿ ಎಲ್ಲರಿಗೂ ಗೊತ್ತು.

ಗಂಡನ ಸೋದರತ್ತೆ ಸೈಲಿಮೆ ಊಟದ ಕಡ್ಡಿ ಹಿಡಿದು ಎದುರಿಗೇ ಕೂತಿದ್ದಳು. "ಕುದುರೆ ಹಾಲು ಕುಡಿದು ಬೆಳೆದ ಕೈಗೆ ಈ ಹಿಟ್ಟು ಬಗ್ಗುತ್ತಾ, ನೋಡೋಣ."

ಮೆಸೆರ್ ಹಿಟ್ಟನ್ನು ಎಳೆದಳು, ಮಡಿಸಿದಳು, ಮತ್ತೆ ಎಳೆದಳು. ನಾಲ್ಕನೇ ಸಲಕ್ಕೆ ಎಳೆ ತುಂಡಾಗಿ ಹಲಗೆಯ ಮೇಲೆ ಬಿತ್ತು. ಗಂಡನ ತಾಯಿ ತಲೆ ತಗ್ಗಿಸಿದಳು. ಸೈಲಿಮೆ ಕಿಸಕ್ಕನೆ ನಕ್ಕಳು. "ನಾನು ಮೊದಲೇ ಹೇಳಿದ್ದೆ. ಹೊರಗಿನ ರಕ್ತ."

ಮೂಲೆಯಲ್ಲಿದ್ದ ಗಂಡನ ಅಜ್ಜಿ ಹನೀಫೆ ತನ್ನ ಮಗಳತ್ತ ತಿರುಗಿದಳು. "ಲೇ ಸೈಲಿಮೆ, ನಮ್ಮ ಮೂಲಪುರುಷರು ಅರಬ್ ಸಿಪಾಯಿಗಳು ಅಂತ ಊರೆಲ್ಲ ಹೇಳ್ಕೊಂಡು ಬರ್ತೀಯಲ್ಲ, ಅವರ ಹೆಂಡಿರು ಯಾರು?"

"ಚೀನಾದ ಹೆಣ್ಣುಮಕ್ಕಳು."

"ಮತ್ತೆ? ನೀನಾಡೋ ಮಾತು, ಈ ಶಾವಿಗೆ, ಆ ಕಡ್ಡಿ, ಎಲ್ಲ ಅವರು ತಂದಿದ್ದು. ಹೊರಗಿನವರು ಅಂತ ಅವರನ್ನ ಬಿಟ್ಟಿದ್ರೆ ನೀನೆಲ್ಲಿರ್ತಿದ್ದೆ?"

ಮೆಸೆರ್‌ಗೆ ಅಳು ಬಂತು.

"ನೀನು ಅಳಬೇಡ," ಅಂದಳು ಅಜ್ಜಿ. "ಹಿಟ್ಟಿಗೆ ನೀರು ಕಮ್ಮಿಯಾಗಿದೆ. ಮತ್ತೆ ನಾದು."

ಮೆಸೆರ್ ನೀರು ಚಿಮುಕಿಸಿ ನಾದತೊಡಗಿದಳು. ಎದುರಿಗೆ ಸೈಲಿಮೆ ಕೈಯಲ್ಲಿದ್ದ ಕಡ್ಡಿಗಳನ್ನು ಕೆಳಗಿಟ್ಟು ಅವನ್ನೇ ನೋಡುತ್ತ ಕೂತಳು.