ಗುಟ್ಟಿನ ಗಿರಾಕಿಗೆ ಎಡಗಡೆಯ ಹೂ

ಶಿಕಾರಿಪುರದ ಗುರುಮಲ್ಲಪ್ಪನವರದು ಆಡಿದ ಮಾತಿಗೆ ತಪ್ಪದ ಮನೆತನ. ಅವರ ತಂದೆ ಬರುತ್ತೇನೆಂದು ಹೇಳಿದ್ದ ಮದುವೆಗೆ ಚಳಿಜ್ವರದಲ್ಲೇ ಗಾಡಿ ಕಟ್ಟಿಸಿಕೊಂಡು ಹೋಗಿ, ನಾಲ್ಕು ಅಕ್ಷತೆ ಕಾಳು ಹಾಕಿ, ಮನೆಗೆ ಬಂದು ಮತ್ತೆ ಕಂಬಳಿ ಹೊದ್ದವರು. ಅಂಥವರ ಮಗನಿಗೆ ದಾವಣಗೆರೆಯಿಂದ, 'ತಮ್ಮನ್ನು ನಂಬಿ ಕೆಲಸ ಒಪ್ಪಿಸುವುದು ಕಷ್ಟವಾಗಿದೆ' ಎಂಬ ಕಾಗದ ಬಂದರೆ ಅನ್ನ ಗಂಟಲಲ್ಲಿ ಇಳಿದೀತೇ?

ಕಾಗದ ಬರೆದದ್ದು ಮಲ್ಲಿಗೆ ಟೀ ಕಂಪನಿಯವರು. ಹೊಸ ಪೈಸೆ ಚಲಾವಣೆಗೆ ಬಂದ ವರ್ಷದಿಂದ ಗುರುಮಲ್ಲಪ್ಪನವರು ಬೇಸಾಯದ ನಡುವೆ ಆ ಕಂಪನಿಗೆ ಒಂದು ವಿಚಿತ್ರ ಕೆಲಸ ಮಾಡಿಕೊಡುತ್ತಿದ್ದರು. ಕಂಪನಿ ಒಂದು ಅಂಗಡಿಯ ಹೆಸರನ್ನೂ ದಿನವನ್ನೂ ಬರೆದು ಲಕೋಟೆ ಕಳಿಸುತ್ತಿತ್ತು. ಇವರು ಏನೂ ತಿಳಿಯದ ಗಿರಾಕಿಯಂತೆ ಆ ಅಂಗಡಿಗೆ ಹೋಗಿ ಟೀ ಪುಡಿ ಕೇಳಬೇಕು. ಅಂಗಡಿಯವನು ಮಲ್ಲಿಗೆಯ ಪೊಟ್ಟಣ ಕೊಡುತ್ತಾನೋ, ಡಬ್ಬಿಯ ಬಿಡಿ ಪುಡಿಯನ್ನು ಹೊಗಳಿ ಕಟ್ಟುತ್ತಾನೋ, ಪೊಟ್ಟಣದ ಚೀಟಿ ಹರಿದಿದೆಯೋ ಎಂದು ನೋಡಿ ಮಾರನೆಯ ಟಪಾಲಿಗೆ ಬರೆದು ಹಾಕಬೇಕು. ತಾನು ಯಾರೆಂಬುದು ಮಾತ್ರ ನರಪಿಳ್ಳೆಗೂ ಗೊತ್ತಾಗಬಾರದು. ಗುರುಮಲ್ಲಪ್ಪನವರು ಹೆಂಡತಿ ನಿರ್ಮಲಮ್ಮನಿಗೆ ಬಿಟ್ಟರೆ ಯಾವ ಮನುಷ್ಯನಿಗೂ ಈ ಗುಟ್ಟನ್ನು ಹೇಳಿದವರಲ್ಲ.

ದೇವರಿಗೆ ಹೇಳುತ್ತಿದ್ದರು. ಹೊಲಕ್ಕೆ ಬೀಜ ಹಾಕುವುದಿರಲಿ, ಎಮ್ಮೆ ಕೊಳ್ಳುವುದಿರಲಿ, ವೀರಭದ್ರನ ಹೂ ಕೇಳದೆ ಅವರು ಹೊಸಿಲು ದಾಟಿದವರೇ ಅಲ್ಲ. ಪೂಜಾರಿ ಒದ್ದೆ ಹೂಗಳನ್ನು ದೇವರ ಎರಡು ಭುಜಕ್ಕೂ ಅಂಟಿಸಿ ಭಕ್ತರ ಮಾತನ್ನು ದೇವರಿಗೆ ಅರಿಕೆ ಮಾಡುತ್ತಾನೆ. ಬಲಗಡೆಯದು ಉದುರಿದರೆ ಹೋಗು, ಎಡಗಡೆಯದು ಉದುರಿದರೆ ಬೇಡ. ಒಂದು ವರ್ಷದಲ್ಲಿ ಟೀ ಕಂಪನಿಯ ಕೆಲಸಕ್ಕೆ ಮೂರು ಸಲ ಎಡಗಡೆಯ ಹೂ ಉದುರಿತ್ತು. ಮೂರು ಸಲವೂ ಇವರು 'ಅನಿವಾರ್ಯ ಕಾರಣದಿಂದ ಬರಲಾಗಲಿಲ್ಲ' ಎಂದು ಬರೆದು ಕೈಮುಗಿದಿದ್ದರು. ಈಗ ಬಂದ ಕಾಗದದಲ್ಲಿ ಕಂಪನಿಯವರು, ಬರುವ ಬುಧವಾರ ಸೊರಬದ ಬಂಗಾರಪ್ಪನ ಅಂಗಡಿಯ ಕೆಲಸವೂ ತಪ್ಪಿದರೆ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ ಎಂದಿದ್ದರು.

ಈ ಸಲ ಕೇಳದೆಯೇ ಹೋಗಿಬಿಡಿ ಎಂದು ನಿರ್ಮಲಮ್ಮ ಹೇಳಿ ನೋಡಿದಳು. ಅವರು ಕಿವಿ ಮುಚ್ಚಿಕೊಂಡರು.

ಬುಧವಾರ ಬೆಳಿಗ್ಗೆ ಗುಡಿಯಲ್ಲಿ ಏಳೆಂಟು ಜನರಿದ್ದರು. ಮೊದಲ ಬಸ್ಸು ಬಿಡುವ ಮೊದಲು ವಿಭೂತಿ ಹಚ್ಚಿಕೊಳ್ಳಲು ಬರುವ ಸೊರಬ ಬಸ್ಸಿನ ಕಂಡಕ್ಟರ್ ಲೋಕಪ್ಪನೂ ಇದ್ದ. ಪೂಜಾರಿ ಕಲ್ಲಪ್ಪಜ್ಜನಿಗೆ ಎಂಬತ್ತರ ಹತ್ತಿರ. ವೀರಭದ್ರನ ಕಿವಿ ಚುರುಕಾಗಿದ್ದರೂ ಅಜ್ಜನದು ಬಲು ಮಂದ. ಆದ್ದರಿಂದ ಗುರುಮಲ್ಲಪ್ಪನವರು ಎಂದಿನಂತೆ ಅಜ್ಜನ ಕಿವಿಗೆ ಬಾಯಿಟ್ಟು ಗಟ್ಟಿಯಾಗಿ ಹೇಳಿದರು. ಅಜ್ಜ ಎಂದಿನಂತೆ ಅದನ್ನು ಇನ್ನೂ ಗಟ್ಟಿಯಾಗಿ ಗರ್ಭಗುಡಿಯೊಳಗೆ ಹೇಳಿದ.

ಎಡಗಡೆಯ ಹೂ ಪಟಕ್ಕನೆ ಉದುರಿತು.

ಮನೆಗೆ ಬಂದವರು ಜಗಲಿಯ ಮೇಲೆ ಕೂತುಬಿಟ್ಟರು. ಹೋದರೆ ದೇವರ ಮಾತು ಮೀರಿದಂತೆ, ಹೋಗದಿದ್ದರೆ ಅಪ್ಪನ ಹೆಸರು ಕೆಟ್ಟಂತೆ. ನಿರ್ಮಲಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಂದು ನಿಂತಳು.

"ಅಲ್ರೀ, ದೇವರನ್ನ ಏನಂತ ಕೇಳಿದ್ರಿ?"

"ಟೀ ಕಂಪನಿ ಗುಟ್ಟಿನ ಕೆಲ್ಸಕ್ಕ ಗುರುಮಲ್ಲಪ್ಪ ಸೊರಬಕ್ಕೆ ಹೋಗ್ಲೋ ಬ್ಯಾಡ್ವೋ ಅಂತ."

"ನಿಮಗೆ ಬ್ಯಾಡ ಅಂದಾನ. ನಿರ್ಮಲಿ ಸುದ್ದಿ ಯಾರೂ ಎತ್ತಿಲ್ಲಲ್ಲ?"

ಅವರು ಬಹಳ ಹೊತ್ತು ಯೋಚಿಸಿದರು. ಇದರಲ್ಲಿ ಎಲ್ಲೋ ತಪ್ಪಿದೆ ಅನಿಸಿತು, ಎಲ್ಲಿದೆಯೆಂದು ಸಿಗಲಿಲ್ಲ. ಅಷ್ಟರಲ್ಲಿ ಆಕೆ ಸೀರೆ ಬದಲಿಸಿ, ಹತ್ತು ಗಂಟೆಯ ಎರಡನೆಯ ಬಸ್ಸಿಗೆ ಹೊರಟೇಬಿಟ್ಟಿದ್ದಳು.

ಬಂಗಾರಪ್ಪ ಮಾತಿನ ಮನುಷ್ಯ. ಯಾವೂರು, ಯಾರ ಕಡೆಯವರು ಎಂದು ಕೇಳದೆ ಉಪ್ಪನ್ನೂ ಕೊಡುವವನಲ್ಲ. ಕುಬಟೂರಿನ ಚಿಕ್ಕಮ್ಮನ ಮನೆಗೆ ಹೊರಟಿದ್ದೇನೆ, ಟೀ ಪುಡಿ ಬೇಕಿತ್ತು ಎಂದಳು ನಿರ್ಮಲಮ್ಮ. ಚಿಕ್ಕಮ್ಮ ಇದ್ದದ್ದೂ ನಿಜ, ಹೋಗುವುದೂ ನಿಜ. ಅವನು ಡಬ್ಬಿಯ ಮುಚ್ಚಳ ತೆಗೆದು ಬಿಡಿ ಪುಡಿ ತೂಗತೊಡಗಿದ. ಮಲ್ಲಿಗೆಯ ಪೊಟ್ಟಣಗಳು ಸೀಮೆಎಣ್ಣೆ ಡಬ್ಬದ ಹಿಂದೆ ಮುದುರಿಕೊಂಡು ಕೂತಿದ್ದವು. ಅದನ್ನೇ ಕೊಡಿ ಎಂದು ಆಕೆ ಬೆರಳು ಮಾಡಿದಳು.

"ಅದೆಲ್ಲ ಬರೀ ಕಾಗದದ ಚಂದ, ತಂಗಿ. ಆ ಕಂಪನಿಯವರದ್ದೊಂದು ಗುಟ್ಟಿನ ಗಿರಾಕಿ ಉಂಟು ಮಾರಾಯ್ತಿ, ಶಿಕಾರಿಪುರದವ್ರು. ಅವ್ರು ಬರೋ ದಿನ ಅದನ್ನ ಒರೆಸಿ ಮುಂದಿಡ್ತೀವಿ."

"ಇವತ್ತು ಬಂದ್ರೆ?"

"ಇವತ್ತು ಬರಲ್ಲ. ವೀರಭದ್ರ ಎಡಗಡೆ ಹೂ ಕೊಟ್ಟನಂತೆ. ಮೊದಲ್ನೇ ಬಸ್ಸಲ್ಲಿ ಲೋಕಪ್ಪ ಹೇಳ್ದ." ಅವನು ಪೊಟ್ಟಣ ಕಟ್ಟಿ ದಾರ ಹರಿದ. "ಬಾಳ ಸಾಧು ಮನುಷ್ಯ. ಪಾಪ, ಹಿಂದಿನ ಸಲ ಇಲ್ಲೇ ಕೂತು ಟೀ ಕುಡ್ದು, ತನ್ನ ಯಾರೂ ಗುರುತು ಹಿಡಿದಿಲ್ಲ ಅಂತ ಖುಷಿ ಮೇಲೆ ಹೋದ್ರು."

ನಿರ್ಮಲಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೆಮ್ಮಿದಳು. ಕೆಮ್ಮು ಕುಬಟೂರಿನವರೆಗೂ ನಿಲ್ಲಲಿಲ್ಲ.

ಮಾರನೆಯ ದಿನ ಆಕೆ ಬಂದು ಎಲ್ಲವನ್ನೂ ಒಂದೂ ಬಿಡದೆ ಹೇಳಿದಾಗ ಗುರುಮಲ್ಲಪ್ಪನವರ ಮುಖದಲ್ಲಿ ರಕ್ತವೇ ಇರಲಿಲ್ಲ. ಇಷ್ಟು ವರ್ಷ ತಾನು ಹೊಗಳಿ ಬರೆದ ಅಂಗಡಿಗಳೆಲ್ಲ ಹೆಣ್ಣು ನೋಡಲು ಬರುವವರಿಗೆ ಸಾರಿಸಿದ ಮನೆಗಳೇ! ಮುಚ್ಚಿಡುವುದು ಅವರಿಂದಾಗದ ಮಾತು. ಹೂ ಕೇಳುವುದನ್ನೂ, ಅಜ್ಜನ ಕಿವಿಯನ್ನೂ, ಹೆಂಡತಿ ಹೋದದ್ದನ್ನೂ ನಾಲ್ಕು ಪುಟ ಬರೆದು, ಹೆಸರು ತೆಗೆದರೂ ನ್ಯಾಯವೇ ಎಂದು ಮುಗಿಸಿ ಟಪಾಲಿಗೆ ಹಾಕಿದರು. ಆ ವಾರ ಅವರು ಅಂಚೆಯವನನ್ನು ಕಂಡರೆ ಹಿತ್ತಲಿಗೆ ಹೋಗುತ್ತಿದ್ದರು.

ಉತ್ತರವನ್ನು ನಿರ್ಮಲಮ್ಮನೇ ಒಡೆದಳು. ತಮ್ಮಿಂದ ಬಂದ ವರದಿಗಳಲ್ಲಿ ನಂಬತಕ್ಕದ್ದು ಇದೊಂದೇ ಎಂದು ಬರೆದಿದ್ದರು. ಪಟ್ಟಿಯಲ್ಲಿ ಹೆಸರು ಇರುತ್ತದೆ. ತಮಗೆ ಅನಿವಾರ್ಯ ಕಾರಣವಿದ್ದ ದಿನ ಮನೆಯವರನ್ನು ಕಳಿಸತಕ್ಕದ್ದು. ಬರುವ ಸೋಮವಾರ ಶಿರಾಳಕೊಪ್ಪ.

"ನೋಡ್ರಿ, ವೀರಭದ್ರ ನಾಲ್ಕು ಸಲ ಬಡ್ಕೊಂಡ, ನೀನು ಹೋಗಿ ಕೆಡಸಬ್ಯಾಡ ಅಂತ. ನಿಮಗ ತಿಳೀಲಿಲ್ಲ," ಎಂದಳು ಆಕೆ. ಗುರುಮಲ್ಲಪ್ಪನವರು ನಗಲಿಲ್ಲ. ಅದು ನಿಜವೇ ಇರಬೇಕೆಂದು ಅವರಿಗೆ ತೋರಿತು.

ಸೋಮವಾರ ಗುಡಿಯಲ್ಲಿ ಎಂದಿಗಿಂತ ಹೆಚ್ಚು ಜನ. ಕಂಬಕ್ಕೊರಗಿ ಲೋಕಪ್ಪ ನಿಂತಿದ್ದ. ಕಲ್ಲಪ್ಪಜ್ಜ ಕಿವಿ ಮುಂದೆ ಮಾಡಿ, ಏನಂತ ಕೇಳ್ಲಿ ಎಂದ.

ಗುರುಮಲ್ಲಪ್ಪನವರು ಕೈಮುಗಿದು ದೇವರ ಕಡೆ ನೋಡಿದರು. "ಅವ್ನಿಗೆ ಗೊತ್ತೈತಿ, ಅಜ್ಜ. ನೀವು ಹೂ ಹಚ್ರಿ ಸಾಕು."

ಅಜ್ಜ ಗರ್ಭಗುಡಿಯತ್ತ ತಿರುಗಿ, ಗುರುಮಲ್ಲಪ್ಪಗೆ ಏನೋ ಐತಂತ, ನಮಗೆ ಹೇಳಂಗಿಲ್ಲಂತ ಎಂದು ಊರಿಗೆಲ್ಲ ಕೇಳುವಂತೆ ಅರಿಕೆ ಮಾಡಿದ. ಬಲಗಡೆಯ ಹೂ ಮೆಲ್ಲನೆ ಜಾರಿತು. ಲೋಕಪ್ಪ ವಿಭೂತಿ ಹಚ್ಚಿಕೊಂಡು, ಯಾವ ಊರೆಂಬ ಸುದ್ದಿಯಿಲ್ಲದೆ ಬರಿಗೈಯಲ್ಲಿ ಬಸ್ಸಿನ ಕಡೆ ನಡೆದ.