ಮುಕುಂದಯ್ಯನ ಮಿಲ್ಲೂ ತಾಯಿಯ ಸಾವೂ

ಹೊಸನಗರದ ಡೇರೆ ಟಾಕೀಸಿನಲ್ಲಿ ಆ ವಾರ ತಾಯಿ ದಿನಾ ಸಾಯುತ್ತಿದ್ದಳು. ಜನ ದಿನಾ ನಗುತ್ತಿದ್ದರು.

ತಪ್ಪು ಪಕ್ಕದ ಅಕ್ಕಿ ಮಿಲ್ಲಿನದು. ಮುಕುಂದಯ್ಯನ ಒಂದೇ ಡೀಸೆಲ್ ಇಂಜಿನ್ನು ಒಂದು ಬೆಲ್ಟಿನಿಂದ ಮಿಲ್ಲನ್ನೂ ಇನ್ನೊಂದರಿಂದ ಡೇರೆಗೆ ಕರೆಂಟು ಕೊಡುವ ಡೈನಮೋವನ್ನೂ ತಿರುಗಿಸುತ್ತಿತ್ತು. ಮಿಲ್ಲಿಗೆ ಭತ್ತ ಸುರಿದ ಕೂಡಲೇ ಇಂಜಿನ್ನಿಗೆ ಏದುಸಿರು, ಪರದೆ ಮಂಕು, ಸಾಯುವ ತಾಯಿಯ ದನಿ ಕೆಸರಲ್ಲಿ ಸಿಕ್ಕ ಎಮ್ಮೆಯದು. ಆಗ ಆಪರೇಟರ್ ಉಮಾಪತಿ ಸುಮ್ಮನಿರಬೇಕಲ್ಲ! ಪ್ರೊಜೆಕ್ಟರಿನ ಕಿಂಡಿಯಿಂದ ಹೆಣ್ಣುದನಿ ತೆಗೆದು, "ಮಗನೇ, ನನ್ನ ಚಿತೆಗೆ ನಿನ್ನ ಕಣ್ಣೀರೇ ತುಪ್ಪ!" ಎಂದು ತಾನೇ ಹೇಳಿಬಿಡುತ್ತಿದ್ದ. ಡೇರೆ ಹೋ ಎನ್ನುತ್ತಿತ್ತು.

ಡೇರೆಯ ಒಡತಿ ಯಮುನಮ್ಮನಿಗೆ ಸಾಕಾಗಿತ್ತು. "ಅಳೋಕೆ ಬಂದ ಹೆಂಗಸರು ನಕ್ಕೊಂಡು ಹೋಗ್ತಾರೆ. ಮತ್ತೆ ಈ ಕಡೆ ತಲೆ ಹಾಕ್ತಾರಾ? ಶನಿವಾರದ ಆಟದಲ್ಲೂ ದನಿ ಕೆಟ್ರೆ ಡೇರೆ ತೀರ್ಥಹಳ್ಳಿಗೆ, ನೀನು ನಿಮ್ಮನೆಗೆ."

"ಅಮ್ಮಾ, ಈ ಉಮಾಪತಿ ಇರೋವರೆಗೆ ಆ ತಾಯಿ ಗೌರವದಿಂದ ಸಾಯ್ತಾಳೆ!"

ಡೈಲಾಗ್ ಹೊಡೆದವನು ಸಾಗರಕ್ಕೆ ಹೋಗಿ, ಅಣೆಕಟ್ಟಿನ ಕೆಲಸ ಮುಗಿದು ಹರಾಜಾದ ಲಾರಿಗಳ ಬ್ಯಾಟರಿಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ಬಂದ. ಸಾಲಾಗಿ ಜೋಡಿಸಿ ಡೈನಮೋದ ತಂತಿಗೇ ಕಟ್ಟಿದ.

"ಎಂತದೋ ಇದು, ಸತ್ತ ಲಾರಿಗಳ ತಿಥಿಯಾ?" ಎಂದ ಮುಕುಂದಯ್ಯ.

"ನಿಮ್ಮ ಇಂಜಿನ್ನಿಗೆ ಬಿಡುವಿದ್ದಾಗ ಇವು ಕರೆಂಟು ಕುಡೀತಾವೆ, ಮುಕುಂದಯ್ಯೋರೇ. ಅದು ಬಳಲಿದಾಗ ಕುಡಿದಿದ್ದನ್ನ ವಾಪಸ್ ಕೊಡ್ತಾವೆ. ಡೇರೆಗೆ ಗೊತ್ತೇ ಆಗಲ್ಲ. ನೀವು ಭತ್ತ ಸುರೀರಿ, ಧಾರಾಳವಾಗಿ!"

ಶನಿವಾರ ಸಂಜೆ ತಾಯಿ ಹಾಸಿಗೆ ಹಿಡಿದಳು. ಪಕ್ಕದಲ್ಲಿ ಭತ್ತ ಸುರಿದ ಸದ್ದು. ಇಂಜಿನ್ನು ಗೊರಗೊರ ಎಂದಿತು. ಮುಂದಿನ ಸಾಲಿನವರು ಅಭ್ಯಾಸದಂತೆ ನಗಲು ಬಾಯಿ ತೆರೆದು ಕಿಂಡಿಯತ್ತ ತಿರುಗಿದರು. ಪರದೆ ಮಂಕಾಗಲಿಲ್ಲ, ದನಿ ಅಲುಗಲಿಲ್ಲ. ತೆರೆದ ಬಾಯಿಗಳು ಮೆಲ್ಲಗೆ ಮುಚ್ಚಿಕೊಂಡವು.

ಅಷ್ಟರಲ್ಲಿ ಫಟ್ ಎಂದು ಸದ್ದಾಯಿತು. ಮುಕುಂದಯ್ಯ ಓಡಿ ಬಂದ. "ಡೈನಮೋ ಬೆಲ್ಟು ಹರೀತು ಮಾರಾಯ! ಆಟ ನಿಲ್ಸು!"

ಉಮಾಪತಿ ಸ್ವಿಚ್ಚು ಎಳೆದು ನಿಂತ ಡೈನಮೋವನ್ನು ಬ್ಯಾಟರಿಗಳಿಂದ ಬೇರೆ ಮಾಡಿ, ಪರದೆಯತ್ತ ಕೈ ತೋರಿಸಿದ. ತಾಯಿ ಮಗನ ತಲೆ ಸವರುತ್ತಲೇ ಇದ್ದಳು. "ನೀವು ನಿಧಾನಕ್ಕೆ ಬೆಲ್ಟ್ ಹೊಲಿಸ್ಕೊಂಡು ಬನ್ನಿ. ಅಲ್ಲಿವರೆಗೆ ಸತ್ತ ಲಾರಿಗಳೇ ಎಳೀತಾವೆ."

ಹೆಂಗಸರ ಕಡೆಯಿಂದ ಮೊದಲ ಬಿಕ್ಕು ಕೇಳಿಸಿತು. ಆಮೇಲೆ ಸಾಲಿಗೆ ಸಾಲೇ ಮೂಗು ಒರೆಸಿಕೊಂಡಿತು. ಉಮಾಪತಿಯ ನಾಲಿಗೆ ತುರಿಸಿತು. ಕಿಂಡಿಗೆ ಬಾಯಿಟ್ಟು, "ಮಗನೇ..." ಎಂದು ಶುರುಮಾಡುವಷ್ಟರಲ್ಲಿ, ಹಿಂದೆ ಬಂದು ನಿಂತಿದ್ದ ಯಮುನಮ್ಮ ಒಂದು ಕೈಯಲ್ಲಿ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ ಇನ್ನೊಂದರಿಂದ ಅವನ ಬಾಯಿ ಮುಚ್ಚಿದಳು.

"ಸುಮ್ನಿರೋ. ಅಳೋಕೆ ಬಿಡು."